ಎಂಬತ್ತೈದಕ್ಕೆ ನಿಂತ ಪರದೆ

ಎಂಬತ್ತೈದನೆಯ ಪ್ರಶ್ನೆಗೆ ಉತ್ತರ ಒತ್ತಿ ಮುಂದಿನದಕ್ಕೆ ಕಾದೆ. ಮುಂದಿನದು ಬರಲಿಲ್ಲ. ಪರದೆ ಒಂದು ಕ್ಷಣ ಖಾಲಿಯಾಗಿ, ಪರೀಕ್ಷೆ ಮುಗಿದಿದೆ ಎಂಬ ಒಕ್ಕಣೆ ಮೂಡಿತು. ಅಮೆರಿಕದ ನರ್ಸಿಂಗ್ ಪರವಾನಗಿಗೆಂದು ಬರೆದ ಐದು ಗಂಟೆಗಳ ಎನ್‌ಕ್ಲೆಕ್ಸ್ ಪರೀಕ್ಷೆ ನನ್ನ ಪಾಲಿಗೆ ಎರಡೂಮುಕ್ಕಾಲು ಗಂಟೆಗೇ ಮುಗಿದಿತ್ತು. ಕೈ ಎತ್ತಿದೆ. ಮೇಲ್ವಿಚಾರಕಿ ಬಂದು ನಾನು ಗೀಚಿಕೊಂಡಿದ್ದ ಬೋರ್ಡನ್ನೂ ಮಾರ್ಕರನ್ನೂ ಎತ್ತಿಕೊಂಡರು. ಹೊರಬಾಗಿಲ ಬಳಿ ಅಂಗೈಯನ್ನು ಮತ್ತೆ ಯಂತ್ರದ ಮೇಲೆ ಇಡಬೇಕು. ಒಳಗೆ ಹೋದವಳೇ ಹೊರಗೆ ಬಂದಿದ್ದಾಳೆ ಎನ್ನುವುದಕ್ಕೆ ಅಂಗೈಯೊಳಗಿನ ರಕ್ತನಾಳಗಳೇ ಸಾಕ್ಷಿ. ದಿನವೂ ಕಂಡವರ ಕೈಯಲ್ಲಿ ನಾಳ ಹುಡುಕುವವಳ ನಾಳವನ್ನು ಅವತ್ತು ಯಂತ್ರ ಹುಡುಕಿತು, ಅದೂ ಒಂದೇ ಏಟಿಗೆ. ನಮ್ಮ ವಾರ್ಡಿನಲ್ಲಿ ಅಂಥ ಕೈಗುಣ ಇರುವವರು ಇಬ್ಬರೇ.

ರಸ್ತೆಗೆ ಬಂದೆ. ಶುಕ್ರವಾರದ ಬೆಂಗಳೂರು ತನ್ನ ಪಾಡಿಗೆ ಹಾರನ್ ಹೊಡೆಯುತ್ತಿತ್ತು. ಎಳನೀರಿನವನು ‘ನೀರಿನದು ಬೇಕೋ, ಗಂಜಿ ಇರುವುದೋ’ ಎಂದು ಕೇಳಿದ. ಉತ್ತರ ಹೊಳೆಯಲೇ ಇಲ್ಲ. ಬೆಳಗ್ಗೆಯಿಂದ ಯಾವ ರೋಗಿಯನ್ನು ಮೊದಲು ನೋಡಬೇಕು, ಯಾವ ಔಷಧವನ್ನು ತಡೆಹಿಡಿಯಬೇಕು ಎಂದು ಆರಿಸಿ ಆರಿಸಿ, ಆರಿಸುವ ಶಕ್ತಿಯೇ ಬತ್ತಿಹೋಗಿತ್ತು. ಅವನೇ ಒಂದನ್ನು ಕೊಚ್ಚಿ ಕೈಗಿಟ್ಟ. ಗಂಜಿಯದೇ ಆಗಿತ್ತು. ನಿಂತಲ್ಲೇ ಕುಡಿಯುತ್ತಿರುವಾಗ ತಲೆಗೆ ಹೊಕ್ಕ ವಿಚಾರ ಮುಂದಿನ ನಾಲ್ಕು ದಿನ ಹೊರಗೆ ಹೋಗಲಿಲ್ಲ: ಎಂಬತ್ತೈದಕ್ಕೆ ನಿಂತಿದೆ ಎಂದರೆ ಆ ಯಂತ್ರಕ್ಕೆ ನಾನು ಪಾಸೋ ಫೇಲೋ ಗೊತ್ತಾಗಿದೆ. ಗೊತ್ತಾದ ಕಾರಣಕ್ಕೇ ಅದು ನಿಂತಿರುವುದು.

ತಕ್ಕಡಿಯ ಲೆಕ್ಕ

ಎನ್‌ಕ್ಲೆಕ್ಸ್ ಬರೆದವರಿಗೆ ಇದೆಲ್ಲ ಬಾಯಿಪಾಠ. ಬರೆಯದವರಿಗಾಗಿ ಎರಡು ಮಾತು. ಅಮೆರಿಕದಲ್ಲಿ ನರ್ಸ್ ಆಗಬೇಕಾದರೆ ಪದವಿ ಮುಗಿಸಿದ ಮೇಲೂ ಈ ಪರವಾನಗಿ ಪರೀಕ್ಷೆ ಪಾಸು ಮಾಡಬೇಕು. ನಮ್ಮಲ್ಲಿ ಹಾಗಿರಲಿಲ್ಲ. ನಾನು ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಅಂಕಪಟ್ಟಿಗಳನ್ನು ಹಿಡಿದುಕೊಂಡು ಹೋಗಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದೆ, ನರ್ಸ್ ಆದೆ. ಅಂಕಪಟ್ಟಿಯಲ್ಲಿ ಅಂಕಗಳಿದ್ದವು. ಯಾವ ವಿಷಯದಲ್ಲಿ ಎಷ್ಟು ಎಂದು ಇವತ್ತಿಗೂ ಹೇಳಬಲ್ಲೆ.

ಈ ಪರೀಕ್ಷೆಯ ಜಾತಿಯೇ ಬೇರೆ. 1994ರಿಂದ ಇದು ಕಂಪ್ಯೂಟರ್ ಮುಂದೆ ನಡೆಯುತ್ತದೆ, ಮತ್ತು ಕೂತವರಿಗೆ ತಕ್ಕಂತೆ ಪ್ರಶ್ನೆ ಬದಲಾಗುತ್ತದೆ. ನಮ್ಮೂರ ಸಂತೆಯಲ್ಲಿ ಏಲಕ್ಕಿ ತೂಗುವವರನ್ನು ನೋಡಿದ್ದರೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಬಟ್ಟಲಿಗೆ ಮಾಲು ಸುರಿದು ಇನ್ನೊಂದಕ್ಕೆ ಒಂದು ತೂಕದ ಬಟ್ಟು ಇಡುತ್ತಾರೆ. ಹೆಚ್ಚಾದರೆ ತೆಗೆದು ಸಣ್ಣದನ್ನು ಇಡುತ್ತಾರೆ, ಕಡಿಮೆಯಾದರೆ ಮತ್ತೊಂದನ್ನು ಸೇರಿಸುತ್ತಾರೆ. ಇಲ್ಲೂ ಅಷ್ಟೇ. ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ನಿಮಗೆ ಸರಿಹೋಗುವ ಸಾಧ್ಯತೆಯೂ ತಪ್ಪುವ ಸಾಧ್ಯತೆಯೂ ಹೆಚ್ಚುಕಡಿಮೆ ಸಮ ಇರುವಂಥ ಪ್ರಶ್ನೆಯನ್ನೇ ಅದು ಹುಡುಕಿ ತರುತ್ತದೆ. ಹೀಗೆ ತೂಗುತ್ತ ತೂಗುತ್ತ, ಪಾಸಿನ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಎನ್ನುವುದು ನೂರಕ್ಕೆ ತೊಂಬತ್ತೈದರಷ್ಟು ಖಚಿತವಾದ ಕೂಡಲೇ ನಿಲ್ಲಿಸುತ್ತದೆ. 2023ರ ಏಪ್ರಿಲ್‌ನಿಂದ ಕನಿಷ್ಠ 85 ಪ್ರಶ್ನೆ, ಗರಿಷ್ಠ 150. ಕನಿಷ್ಠಕ್ಕೇ ನಿಂತಿತು ಎಂದರೆ ಸಂದೇಹಕ್ಕೆ ಎಡೆಯೇ ಇರಲಿಲ್ಲ ಎಂದರ್ಥ. ಆದರೆ ಯಾವ ಕಡೆಗೆ?

ಹೊರಗೆ ಬಂದವರೆಲ್ಲ ‘ಹೋಯಿತು, ನನ್ನ ಕಥೆ ಮುಗಿಯಿತು’ ಎನ್ನುವುದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಚೆನ್ನಾಗಿ ಓದಿದವಳಿಗೂ ಸರಿಸುಮಾರು ಅರ್ಧ ಪ್ರಶ್ನೆ ತಪ್ಪುವಂತೆ, ಓದದವಳಿಗೂ ಅರ್ಧ ಸರಿಯಾಗುವಂತೆ ಈ ತಕ್ಕಡಿಯನ್ನು ಕಟ್ಟಿದ್ದಾರೆ. ಸಾಲದ್ದಕ್ಕೆ ಎಂಬತ್ತೈದರಲ್ಲಿ ಹದಿನೈದು ಪ್ರಶ್ನೆಗಳು ಲೆಕ್ಕಕ್ಕೇ ಇಲ್ಲ. ಮುಂದೆ ಬಳಸಲು ಪರೀಕ್ಷಿಸಿ ನೋಡುವ ಪ್ರಶ್ನೆಗಳು ಅವು, ಯಾವ ಹದಿನೈದು ಎಂದು ಯಾರೂ ಹೇಳುವುದಿಲ್ಲ. ನಾನು ಹತ್ತು ನಿಮಿಷ ಹೆಣಗಿದ ಪ್ರಶ್ನೆ ಆ ಗುಂಪಿನದೇ ಇರಬಹುದು. (ಯಾವ ಪ್ರಶ್ನೆ ಎಂದು ಇಲ್ಲಿ ಬರೆಯುವಂತಿಲ್ಲ. ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡೇ ಒಳಗೆ ಹೋಗಿದ್ದೇನೆ. ಗೆಳತಿಯರ ಹತ್ತಿರ ತೋಡಿಕೊಳ್ಳುವ ಸುಖಕ್ಕೂ ಕಲ್ಲು.) ಹೀಗಾಗಿ ಪರೀಕ್ಷೆ ಹೇಗಾಯಿತು ಎಂಬ ನನ್ನ ಅನಿಸಿಕೆಗೆ ಮೂರು ಕಾಸಿನ ಬೆಲೆಯಿಲ್ಲ. ಬುದ್ಧಿಗೆ ಇದು ತಿಳಿದಿತ್ತು. ಹೊಟ್ಟೆಗೆ ಯಾರು ತಿಳಿಸಬೇಕು?

ಶುಕ್ರವಾರ ಬರೆದ ತಪ್ಪು

ಅಧಿಕೃತ ಫಲಿತಾಂಶ ಅರ್ಜಿ ಹಾಕಿದ ರಾಜ್ಯದ ನರ್ಸಿಂಗ್ ಮಂಡಳಿಯಿಂದ ಬರಬೇಕು, ಅದಕ್ಕೆ ವಾರಗಳೇ ಹಿಡಿಯಬಹುದು. ಕೆಲವು ಮಂಡಳಿಗಳು ಇನ್ನೊಂದು ದಾರಿ ಬಿಟ್ಟಿವೆ: ಎರಡು ಕೆಲಸದ ದಿನ ಕಳೆದ ಮೇಲೆ ಏಳು ಡಾಲರ್ ತೊಂಬತ್ತೈದು ಸೆಂಟ್ ಕಟ್ಟಿದರೆ ಅನಧಿಕೃತ ಫಲಿತಾಂಶ ನೋಡಬಹುದು. ಕೆಲಸದ ದಿನ ಎನ್ನುವ ಮಾತನ್ನು ನಾನು ದಿನಾಂಕ ಗೊತ್ತುಮಾಡುವಾಗ ಗಮನಿಸಿರಲಿಲ್ಲ. ಶುಕ್ರವಾರ ಬರೆದವಳಿಗೆ ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ವರ್ಷದ ಮುನ್ನೂರರವತ್ತೈದು ದಿನವೂ ಯಾವುದಾದರೊಂದು ಪಾಳಿಯಲ್ಲಿ ದುಡಿಯುವವಳಿಗೆ ವಾರಾಂತ್ಯವೆಂಬುದು ಒಂದಿದೆ ಎಂದು ನೆನಪಾದದ್ದು ಹೀಗೆ.

ಯಂತ್ರಕ್ಕೆ ಗೊತ್ತಿದ್ದರೂ ಯಾಕೆ ತಡ ಎಂದರೆ, ಕೇಂದ್ರದ ಕಂಪ್ಯೂಟರ್ ಹಾಕಿದ ಲೆಕ್ಕವನ್ನು ಇನ್ನೊಂದು ಕಡೆ ಮತ್ತೊಮ್ಮೆ ತಾಳೆ ನೋಡುತ್ತಾರಂತೆ. ಇನ್ಸುಲಿನ್, ಹೆಪಾರಿನ್ ಕೊಡುವ ಮೊದಲು ಸಿರಿಂಜನ್ನು ಇಬ್ಬರು ನರ್ಸ್‌ಗಳು ನೋಡುವ ಹಾಗೆ. ಇದನ್ನು ನಾನು ದೂರುವ ಹಾಗಿಲ್ಲ. ಎರಡನೆಯವಳು ಬರಲಿ ಎಂದು ರೋಗಿಯನ್ನು ಕಾಯಿಸಿದವಳೇ ನಾನೂ. ಕಾಗದ ಪೆನ್ಸಿಲ್‌ನ ಕಾಲದಲ್ಲಿ ವರ್ಷಕ್ಕೆ ಎರಡೇ ಬಾರಿ ಪರೀಕ್ಷೆ ನಡೆಯುತ್ತಿತ್ತು, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಾಗೆ ನೋಡಿದರೆ ನನ್ನ ನಾಲ್ಕು ದಿನ ಯಾವ ಲೆಕ್ಕ?

ಆದರೂ ನನಗೆ ಎಸ್ಸೆಸ್ಸೆಲ್ಸಿಯ ಕಾಯುವಿಕೆಯೇ ಸುಖವಾಗಿತ್ತು ಅನ್ನಿಸುತ್ತದೆ. ಆಗ ಎರಡು ತಿಂಗಳ ರಜೆಯುದ್ದಕ್ಕೂ ಇಡೀ ಊರೇ ನಮ್ಮ ಜೊತೆ ಕಾಯುತ್ತಿತ್ತು. ಸಕಲೇಶಪುರದ ಕಡೆಯ ನಮ್ಮ ಹೈಸ್ಕೂಲಿನ ಗೋಡೆಗೆ ಹೆಡ್‌ಮಾಸ್ತರರು ಹಾಳೆ ಅಂಟಿಸುವಾಗ, ಮೂವತ್ತೆರಡು ಮಕ್ಕಳೂ ಅವರವರ ಅಪ್ಪಂದಿರೂ ಜಗಲಿಯಲ್ಲಿ ನೂಕಾಡುತ್ತಿದ್ದರು. ನನ್ನ ಅಪ್ಪ ಕನ್ನಡಕ ಮರೆತು ಬಂದಿದ್ದರು. ಪಕ್ಕದ ಮನೆಯ ಹುಡುಗನ ಸಂಖ್ಯೆಯನ್ನೇ ನನ್ನದೆಂದುಕೊಂಡು, ‘ಗಣಿತದಲ್ಲಿ ಮೂವತ್ತೈದೇ?’ ಎಂದು ಎಲ್ಲರೆದುರು ಗದರಿದ್ದರು. ಆ ಹುಡುಗ ಅಲ್ಲೇ ನಿಂತಿದ್ದ, ಪಾಸಾದೆನಲ್ಲ ಎಂದು ಹಲ್ಲು ಕಿರಿಯುತ್ತ. ನಗೆಪಾಟಲಾದರೂ ಅದು ಊರೊಟ್ಟಿನದಾಗಿತ್ತು. ಈಗ ಮಾರತ್ತಹಳ್ಳಿಯ ಬಾಡಿಗೆ ಕೋಣೆಯಲ್ಲಿ, ಮೊಬೈಲು ಹಿಡಿದುಕೊಂಡು ಒಬ್ಬಳೇ ಕಾಯಬೇಕು. ಪರೀಕ್ಷೆಗೆ ಕಟ್ಟಿದ ಇನ್ನೂರು ಡಾಲರ್, ಹೊರದೇಶದಲ್ಲಿ ಬರೆಯುವುದಕ್ಕೆಂದು ಮೇಲೆ ಕಟ್ಟಿದ ನೂರೈವತ್ತು, ಎರಡೂ ಸೇರಿದರೆ ನನ್ನ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಫೇಲಾದರೆ ನಲವತ್ತೈದು ದಿನ ಬಿಟ್ಟು ಮತ್ತೆ ಅಷ್ಟೇ ಸುರಿಯಬೇಕು. ಆ ಲೆಕ್ಕವೂ ಕೋಣೆಯಲ್ಲಿ ನನ್ನ ಜೊತೆಗಿತ್ತು.

ಗೊತ್ತಿದ್ದೂ ಹೇಳದವಳು

ಶನಿವಾರ ರಾತ್ರಿ ನಿದ್ದೆ ಬರಲಿಲ್ಲ. ಆಗ ನೆನಪಾದದ್ದು ಚಳ್ಳಕೆರೆ ಕಡೆಯ ಒಬ್ಬ ಹೆಂಗಸು.

ಮೂರು ವರ್ಷದ ಹಿಂದಿನ ಮಾತು. ಆಕೆಯ ಗಂಡನ ಕತ್ತಿನಲ್ಲಿ ಗಂಟು. ಕಡಲೆಕಾಯಿ ಬೆಳೆಯುವ ರೈತ, ಐವತ್ತರ ಆಸುಪಾಸು, ಆಸ್ಪತ್ರೆಯ ಗೌನು ತೊಟ್ಟರೆ ನಾಚಿಕೊಂಡು ಮೇಲೆ ಟವೆಲ್ ಹೊದೆಯುತ್ತಿದ್ದ ಮನುಷ್ಯ. ಬಯಾಪ್ಸಿಗೆ ಕಳುಹಿಸಿದ್ದೆವು. ಆಕೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೇ ಟವೆಲನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ನಾನು ಬಿಪಿ ನೋಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ: ‘ರಿಪೋರ್ಟ್ ಬಂತೇ ಸಿಸ್ಟರಮ್ಮ?’ ಗುರುವಾರ, ಶುಕ್ರವಾರ ‘ಇನ್ನೂ ಇಲ್ಲಮ್ಮ’ ಎಂದೆ. ಅದು ನಿಜವಾಗಿತ್ತು.

ಶನಿವಾರ ಮಧ್ಯಾಹ್ನ ಇನ್ನೊಬ್ಬ ರೋಗಿಯ ಪೊಟ್ಯಾಸಿಯಂ ಎಷ್ಟು ಬಂದಿದೆ ಎಂದು ನೋಡಲು ಕಂಪ್ಯೂಟರ್ ತೆರೆದಾಗ ಆ ಮನುಷ್ಯನ ಹೆಸರಿನ ಮುಂದೆ ರಿಪೋರ್ಟ್ ಬಂದು ಕೂತಿತ್ತು. ಓದಿದೆ. ಓದಬಾರದಿತ್ತೇನೋ, ಆದರೆ ಓದುವುದು ನನ್ನ ಕೆಲಸ. ದೊಡ್ಡ ಡಾಕ್ಟರು ಊರಲ್ಲಿಲ್ಲ, ಸೋಮವಾರ ಬೆಳಗ್ಗೆ ರೌಂಡ್ಸ್‌ಗೆ ಬರುವವರು. ಅವರಿಗೆ ಫೋನಿನಲ್ಲಿ ತಿಳಿಸಿದ್ದಾಯಿತು. ‘ನಾನೇ ಬಂದು ಮಾತಾಡುತ್ತೇನೆ’ ಎಂದರು. ಅದೇ ಸರಿಯಾದ ಕ್ರಮ. ರೋಗ ಏನೆಂದು ಹೇಳುವುದು ನರ್ಸಿನ ಕೆಲಸವಲ್ಲ. ಹೇಳಿದರೆ ಮುಂದಿನ ಹತ್ತು ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವೂ ಇಲ್ಲ.

ಆ ದಿನ ಸಂಜೆ ಬಿಪಿ ನೋಡಲು ಹೋದೆ. ಪಟ್ಟಿ ಸುತ್ತುವಾಗ ಆಕೆ ಕೇಳಿದರು, ‘ಬಂತೇ?’ ನಾನು ಮೀಟರಿನಿಂದ ಕಣ್ಣು ತೆಗೆಯದೆ, ‘ಡಾಕ್ಟರು ಸೋಮವಾರ ಬರುತ್ತಾರಮ್ಮ, ಅವರೇ ಹೇಳುತ್ತಾರೆ’ ಎಂದೆ. ಇನ್ನೂ ಇಲ್ಲ ಎಂದು ನಾನು ಹೇಳಲಿಲ್ಲ ಎಂಬುದನ್ನು ಆಕೆ ಗಮನಿಸಿದರೇನೋ. ಟವೆಲ್ ಮಡಚುವುದು ನಿಂತಿತು. ನನ್ನ ಮುಖವನ್ನೇ ನೋಡಿದರು. ನಾನು ಬಿಪಿಯನ್ನು ಎರಡನೆಯ ಸಲ ನೋಡಿದೆ, ಅಗತ್ಯವೇನೂ ಇರಲಿಲ್ಲ. ನೂರಮೂವತ್ತು, ಎಂಬತ್ತು. ಚಾರ್ಟಿನಲ್ಲಿ ಬರೆದುಕೊಂಡು ಬಂದೆ. ಭಾನುವಾರ ಡ್ಯೂಟಿಯುದ್ದಕ್ಕೂ ಆ ಹಾಸಿಗೆಯ ಎದುರಿನಿಂದ ಹಾಯಬೇಕಾದಾಗಲೆಲ್ಲ ಆಚೆಯ ಸಾಲಿನಿಂದ ಸುತ್ತಿಬಳಸಿ ಹೋದೆ. ಅಷ್ಟು ಸಣ್ಣ ವಾರ್ಡಿನಲ್ಲಿ ಸುತ್ತಿಬಳಸುವುದೂ ಎದ್ದು ಕಾಣುತ್ತದೆ.

ಸೋಮವಾರ ಡಾಕ್ಟರು ಬಂದರು, ಹೇಳಿದರು. ಚೆನ್ನಾಗಿಯೇ ಹೇಳಿದರು, ಕುರ್ಚಿ ಎಳೆದುಕೊಂಡು ಕೂತು. ಮಧ್ಯಾಹ್ನ ಆಕೆ ನರ್ಸಿಂಗ್ ಸ್ಟೇಷನ್ನಿನ ಹತ್ತಿರ ಬಂದು ನಿಂತರು. ‘ನಿಮಗೆ ಶನಿವಾರವೇ ಗೊತ್ತಿತ್ತಲ್ಲವೇ?’ ನಾನು ಏನೂ ಹೇಳಲಿಲ್ಲ. ‘ಮಗಳು ಬಂದಿದ್ದಳು. ಕಾಲೇಜು ತಪ್ಪುತ್ತದೆ ಎಂದು ನಿನ್ನೆ ನಾನೇ ಬಸ್ಸು ಹತ್ತಿಸಿದೆ. ಗೊತ್ತಿದ್ದರೆ ಇರಿಸಿಕೊಳ್ಳುತ್ತಿದ್ದೆ’ ಎಂದರು. ಬೈಯಲಿಲ್ಲ, ಅಳಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಅಷ್ಟು ಹೇಳಿ ಹೋದರು.

ನಾನು ತಪ್ಪು ಮಾಡಿದೆ ಎಂದು ಅಂದೂ ಅನ್ನಿಸಿರಲಿಲ್ಲ, ಇಂದೂ ಅನ್ನಿಸುವುದಿಲ್ಲ. ಮತ್ತೆ ಅಂಥದೇ ಶನಿವಾರ ಬಂದರೆ ಮತ್ತೆ ಹಾಗೆಯೇ ಮಾಡುತ್ತೇನೆ. ಆದರೆ ಕಾಯುವುದರಲ್ಲಿ ಎರಡು ಬಗೆ ಇದೆ ಎಂಬುದು ಈ ಮೂರು ವರ್ಷ ಹೊಳೆದಿರಲಿಲ್ಲ. ಮಳೆಗೆ ಕಾಯುತ್ತೇವೆ, ಹೆರಿಗೆಗೆ ಕಾಯುತ್ತೇವೆ. ಅಲ್ಲಿ ನಾವೂ ಅರಿಯೆವು, ಮೋಡವೂ ಅರಿಯದು. ಹರಕೆ ಹೊತ್ತುಕೊಳ್ಳುವುದಕ್ಕೆ ಅಲ್ಲಿ ಅರ್ಥವಿದೆ. ಇನ್ನೊಂದು, ಆಗಿಹೋದದ್ದಕ್ಕೆ ಕಾಯುವುದು. ಕಾಗದ ಸಿದ್ಧವಿದೆ, ಯಾರದೋ ಕಂಪ್ಯೂಟರಿನಲ್ಲಿ ಕೂತಿದೆ, ನಮ್ಮ ಕೈಗೆ ಬಂದಿಲ್ಲ ಅಷ್ಟೆ. ಅಲ್ಲಿ ಪ್ರಾರ್ಥನೆ ಮಾಡಬೇಕೆಂದರೂ ಏನೆಂದು ಮಾಡುವುದು? ಅಮ್ಮ ಶನಿವಾರ ಬೆಳಗ್ಗೆ ಆಂಜನೇಯನ ಗುಡಿಗೆ ಹೋಗಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದ್ದರು. ಶುಕ್ರವಾರವೇ ಮುಗಿದ ವಿಚಾರಕ್ಕೆ ಶನಿವಾರದ ಅರ್ಚನೆ. ಬೇಡಮ್ಮ ಎನ್ನಲು ಬಾಯಿ ಬರಲಿಲ್ಲ.

ಅಕ್ಕಿ ಡಬ್ಬ

ನಾಲ್ಕು ದಿನ ಹೇಗೆ ಕಳೆದೆ ಎಂದು ಕಿರಿಯರು ಕೇಳುತ್ತಾರೆ. ಘನವಾದದ್ದೇನೂ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಅಕ್ಕಿ ಡಬ್ಬವನ್ನು ನೆಲದ ಮೇಲೆ ಸುರಿದು ಹುಳ ಆರಿಸಿದೆ. ಹುಳ ಇರಲಿಲ್ಲ. ನೆನಪಿದ್ದ ಪ್ರಶ್ನೆಗಳ ಉತ್ತರ ಪುಸ್ತಕದಲ್ಲಿ ಹುಡುಕಬಾರದು ಎಂದು ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ, ಆಮೇಲೆ ಸ್ಟೂಲು ಹತ್ತಿ ಒಂದನ್ನು ಇಳಿಸಿದೆ, ಒಂದು ಉತ್ತರ ತಪ್ಪಾಗಿದ್ದದ್ದು ಕಂಡಿತು, ಮತ್ತೆ ಹಾಕಿದೆ. ಒಂದು ತಪ್ಪು ಹುಡುಕಿದವರಿಗೆ ಇನ್ನೊಂದು ಸಿಕ್ಕೇ ಸಿಗುತ್ತದೆ. ಸರಿಯಾದವು ಯಾವತ್ತೂ ನೆನಪಿಗೆ ಬರುವುದಿಲ್ಲ.

ಜೊತೆಗಿರುವ ಚೇಚಿ (ಮಲಯಾಳಂನಲ್ಲಿ ಅಕ್ಕ) ಕೋಟ್ಟಯಂ ಕಡೆಯವಳು, ನನಗಿಂತ ಆರು ವರ್ಷ ದೊಡ್ಡವಳು, ಈ ಪರೀಕ್ಷೆಯನ್ನು ಎಂದೋ ಮುಗಿಸಿದವಳು. ಮೊಬೈಲಿನ ಗುಂಪಿನಲ್ಲಿ ‘85ಕ್ಕೆ ನಿಂತರೆ ಪಾಸೇ, ಪಾರ್ಟಿ ಯಾವಾಗ’ ಎಂದು ಒಬ್ಬಳು ಬರೆದದ್ದನ್ನು ತೋರಿಸಿದಾಗ ಚೇಚಿ ಬರೀ ಹುಬ್ಬು ಹಾರಿಸಿದಳು. ನಮ್ಮದೇ ಕೋಣೆಯಲ್ಲಿದ್ದ ಒಬ್ಬಳು 85ಕ್ಕೆ ನಿಂತು ಫೇಲಾಗಿದ್ದಳು. ಇನ್ನೊಬ್ಬಳು 150ರವರೆಗೂ ಹೋಗಿ, ಅಳುತ್ತ ಹೊರಬಂದು, ಪಾಸಾಗಿದ್ದಳು. ಅವರಿಬ್ಬರ ಕಥೆಯೂ ನನಗೆ ಗೊತ್ತು ಎಂಬುದು ಚೇಚಿಗೂ ಗೊತ್ತು.

ಇನ್ನು ಆ ಉಪಾಯ. ಬರೆದವರಿಗೆಲ್ಲ ಗೊತ್ತಿರುವಂಥದು: ಫಲಿತಾಂಶ ಬರುವ ಮೊದಲೇ ಮತ್ತೊಮ್ಮೆ ಪರೀಕ್ಷೆಗೆ ಹೆಸರು ನೋಂದಾಯಿಸಲು ಹೋಗುವುದು. ನೋಂದಣಿ ಸಾಧ್ಯವಿಲ್ಲ ಎಂದು ಬಂದರೆ ಪಾಸಾಗಿದ್ದೀರಿ, ಹಣ ಕಟ್ಟಿಸಿಕೊಂಡರೆ ಫೇಲು ಎಂಬ ನಂಬಿಕೆ. ಇದನ್ನು ನೆಚ್ಚಬೇಡಿ ಎಂದು ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ಕೆಟ್ಟ ಸುದ್ದಿ ತಿಳಿಯುವುದಕ್ಕೆ ಇನ್ನೂರು ಡಾಲರ್ ತೆರುವ ಕಣಿ ಇದು. ಬೈದುಕೊಳ್ಳುತ್ತಲೇ ಭಾನುವಾರ ರಾತ್ರಿ ಒಂದೂವರೆಗೆ ಆ ಪುಟ ತೆರೆದೆ. ಹೆಸರು, ಮಂಡಳಿ, ವಿಳಾಸ ಎಲ್ಲ ತುಂಬಿದೆ. ಕಾರ್ಡಿನ ಹದಿನಾರು ಅಂಕಿಗಳಲ್ಲಿ ಹನ್ನೆರಡನ್ನು ಒತ್ತಿದ್ದೆ. ಚೇಚಿ ಮಗ್ಗುಲು ಬದಲಿಸಿದಳು, ಎಚ್ಚರವಿದ್ದಳೋ ಏನೋ. ಮೊಬೈಲನ್ನು ದಿಂಬಿನಡಿ ತಳ್ಳಿದೆ.

ಸೋಮವಾರ ನೈಟ್ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ನನಗೆ ಒದಗಿದ್ದು ಅದೊಂದೇ. ರಾತ್ರಿ ಪಾಳಿಯಲ್ಲಿ ಗಂಟೆಗೊಂದು ಕೆಲಸ ಇರುತ್ತದೆ, ಮತ್ತು ಆ ಕೆಲಸಕ್ಕೆ ಆಯಾ ಗಂಟೆಯಲ್ಲೇ ಉತ್ತರ ಸಿಗುತ್ತದೆ. ಎರಡು ಗಂಟೆಗೆ ಜ್ವರ ನೂರೆರಡು ಇದ್ದರೆ ಮೂರು ಗಂಟೆಗೆ ನೂರು. ಮೂತ್ರದ ಚೀಲ ತುಂಬಿದ್ದರೆ ಅಳೆದು, ಚೆಲ್ಲಿ, ಬರೆದು ಮುಂದೆ ಹೋಗು. ನಾಲ್ಕು ಗಂಟೆಯ ಸುಮಾರಿಗೆ ಡ್ರಿಪ್ ಬದಲಿಸುತ್ತಿದ್ದಾಗ, ಹಿಂದಿನ ಅರ್ಧ ಗಂಟೆಯಿಂದ ನಾನು ಪರೀಕ್ಷೆಯನ್ನು ನೆನೆದೇ ಇಲ್ಲ ಎಂದು ಹೊಳೆಯಿತು. ಹೊಳೆದ ತಕ್ಷಣ ನೆನೆದೆ.

ಮಂಗಳವಾರ

ಮಂಗಳವಾರ ರಾತ್ರಿ, ಅಮೆರಿಕದಲ್ಲಿ ಬೆಳಗಾದ ಮೇಲೆ, ಫಲಿತಾಂಶ ಸಿದ್ಧವಿದೆ ಎಂದು ಪುಟ ತೋರಿಸಿತು. ದುಡ್ಡು ಕಟ್ಟಿದೆ. ಪಾಸ್ ಎಂಬ ಒಂದೇ ಪದ. ಅಂಕ ಇಲ್ಲ, ದರ್ಜೆ ಇಲ್ಲ. ವಿಷಯವಾರು ಎಲ್ಲೆಲ್ಲಿ ಗೆರೆಯ ಮೇಲೆ, ಎಲ್ಲೆಲ್ಲಿ ಕೆಳಗೆ ಎಂಬ ವಿವರವಾದ ವರದಿ ಸಿಗುವುದು ಫೇಲಾದವರಿಗೆ ಮಾತ್ರ. ನಾಲ್ಕು ದಿನ ನನ್ನನ್ನು ಅರೆದ ಆ ಪ್ರಶ್ನೆಗಳಲ್ಲಿ ಯಾವುದು ಸರಿಯಿತ್ತು, ಯಾವುದು ತಪ್ಪಿತ್ತು ಎಂದು ಇನ್ನು ಎಂದಿಗೂ ತಿಳಿಯುವುದಿಲ್ಲ.

ಚೇಚಿ ತಬ್ಬಿಕೊಂಡಳು, ಫ್ರಿಜ್ಜಿನಿಂದ ಹಲ್ವಾ ತೆಗೆದಳು. ಆಮೇಲೆ ತನ್ನ ಮೊಬೈಲು ತೆರೆದು ವೀಸಾ ಬುಲೆಟಿನ್ ತೋರಿಸಿದಳು. ಯಾವ ದಿನಾಂಕದವರೆಗಿನ ಅರ್ಜಿಗಳ ಸರದಿ ಬಂದಿದೆ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಹೊರಡಿಸುವ ಪಟ್ಟಿ. ನರ್ಸ್‌ಗಳು ಸೇರುವ ವರ್ಗದಲ್ಲಿ, ಭಾರತದ ಕಾಲಂನಲ್ಲಿ ಹತ್ತು ವರ್ಷಕ್ಕೂ ಹಿಂದಿನ ದಿನಾಂಕ ಕೂತಿದೆ. ಆ ದಿನಾಂಕ ಚೇಚಿಯ ಅರ್ಜಿಯ ದಿನಾಂಕದವರೆಗೆ ತೆವಳಿಕೊಂಡು ಬರಬೇಕು. ಕೆಲವು ತಿಂಗಳು ವಾರವಷ್ಟೇ ಸರಿಯುತ್ತದೆ, ಕೆಲವು ತಿಂಗಳು ಕದಲುವುದೇ ಇಲ್ಲ. ‘ನಿನ್ನದು ಎರಡು ದಿನದ ಪರೀಕ್ಷೆ’ ಎಂದು ನಕ್ಕಳು. ಅವಳು ಇದನ್ನು ನೋಡುವುದು ತಿಂಗಳಿಗೆ ಒಂದೇ ಸಲ, ಕರೆಂಟ್ ಬಿಲ್ ನೋಡುವಷ್ಟು ಹೊತ್ತು. ಉಳಿದ ದಿನ ಟೆರೇಸಿನ ಮೇಲೆ ಡಬ್ಬಗಳಲ್ಲಿ ಬಸಳೆ ಬೆಳೆಸುತ್ತಾಳೆ.

ಅಮ್ಮನಿಗೆ ಫೋನ್ ಮಾಡಿದಾಗ ಹತ್ತೂವರೆ. ಒಂದೇ ರಿಂಗಿಗೆ ಎತ್ತಿದರು.

‘ಪಾಸಾದೆ ಅಮ್ಮ.’

‘ದೇವರು ದೊಡ್ಡವನು. ಎಷ್ಟು ಮಾರ್ಕ್ಸು?’

‘ಮಾರ್ಕ್ಸ್ ಕೊಡುವುದಿಲ್ಲ ಅಮ್ಮ. ಪಾಸು ಅಂತ ಮಾತ್ರ.’

‘ಅದು ಹೇಗಾಗುತ್ತದೆ? ಅಷ್ಟು ದುಡ್ಡು ಕಟ್ಟಿಸಿಕೊಂಡಿದ್ದಾರೆ.’

ತಕ್ಕಡಿಯ ಕಥೆ ಹೇಳಿದೆ. ಗೆರೆ, ಮೇಲೆ, ಕೆಳಗೆ, ಎಂಬತ್ತೈದು. ಅಮ್ಮ ಹೂಂಗುಟ್ಟಿದರು. ಅಷ್ಟರಲ್ಲಿ ಹಿಂದಿನಿಂದ ಪಕ್ಕದ ಮನೆಯ ಅತ್ತೆಯ ದನಿ ಕೇಳಿಸಿತು, ಏನಂತೆ ಏನಂತೆ ಎಂದು. ಅಮ್ಮ ಫೋನನ್ನು ಸ್ವಲ್ಪ ದೂರ ಹಿಡಿದು, ಆದರೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು: ‘ಪಾಸಂತೆ. ಮಾರ್ಕ್ಸು ಆಮೇಲೆ ಬರುತ್ತದಂತೆ.’